ಬಲವೂ ನಿಚ್ಚಳತೆಯೂ: ಕಾರ್ನಿಯಾದಲ್ಲಿ ಕೊಲಾಜೆನ್ ಎಳೆಗಳ ಜೋಡಣೆ

ವಿಷಯ ಪ್ರವೇಶ

ಮನುಷ್ಯನ ದೇಹದಲ್ಲಿರುವ ಪ್ರೋಟೀನುಗಳಲ್ಲಿ ಪ್ರಮಾಣದ ದೃಷ್ಟಿಯಿಂದ ಮೊದಲ ಸ್ಥಾನ ಕೊಲಾಜೆನ್ನಿನದು. ಚರ್ಮಕ್ಕೆ ಬಿಗಿಯನ್ನು, ಮೂಳೆಗೆ ಹಂದರವನ್ನು, ಮಾಂಸಖಂಡವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿಗೆ ಎಳೆತವನ್ನು ತಾಳುವ ಶಕ್ತಿಯನ್ನು ಒದಗಿಸುವುದು ಅದೇ. ಇವುಗಳಲ್ಲಿ ಯಾವುದನ್ನು ಬೆಳಕಿಗೆ ಹಿಡಿದರೂ ಆಚೆ ಬದಿಯ ವಸ್ತು ಕಾಣುವುದಿಲ್ಲ. ಆದರೆ ಕಣ್ಣಿನ ಮುಂಭಾಗದಲ್ಲಿ, ಪಾಪೆಯ ಮೇಲೆ ಗಡಿಯಾರದ ಗಾಜಿನಂತೆ ಬಾಗಿ ಕುಳಿತಿರುವ ಕಾರ್ನಿಯಾ ಎಂಬ ಪಟಲವೂ, ನೀರಿನ ಅಂಶವನ್ನು ಬಿಟ್ಟರೆ, ಬಹುಮಟ್ಟಿಗೆ ಇದೇ ಕೊಲಾಜೆನ್ನಿನಿಂದ ಆದದ್ದು. ನಡುವೆ ಸುಮಾರು 0.54 ಮಿಲಿಮೀಟರ್ ದಪ್ಪವಿರುವ ಈ ಪಟಲ ಒಳಗಿನಿಂದ ಒತ್ತುವ ದ್ರವದ ಒತ್ತಡವನ್ನು ಹಗಲಿರುಳೂ ತಡೆದು ನಿಲ್ಲುತ್ತದೆ. ಅದರ ಜೊತೆಗೆ ಕಣ್ಣಿನ ಒಟ್ಟು ಪವರ್ ಸುಮಾರು 60 ಡಯಾಪ್ಟರ್ ಆದರೆ ಅದರಲ್ಲಿ 43ರಷ್ಟನ್ನು ತಾನೊಂದೇ ಹೊತ್ತು, ಬೆಳಕನ್ನು ಚದುರಿಸದೆ ಒಳಕ್ಕೆ ಬಿಡುತ್ತದೆ.

ಕಾರ್ನಿಯಾದ ಬಲ ಬೇರೆ, ಅದರ ಪಾರದರ್ಶಕತೆ ಬೇರೆ ಎಂದು ಎಣಿಸುವುದು ಸಹಜವಾದರೂ ಸರಿಯಲ್ಲ; ಎರಡೂ ಗುಣಗಳು ಒಂದೇ ಜೋಡಣೆಯಿಂದ ಹುಟ್ಟುತ್ತವೆ, ಆ ಜೋಡಣೆ ಕೆಟ್ಟಾಗ ಒಂದರ ಹಿಂದೆ ಇನ್ನೊಂದು ಕುಸಿಯುತ್ತದೆ, ಆದ್ದರಿಂದ ಕಾಪಾಡಬೇಕಾದದ್ದು ಬರೀ ಪದಾರ್ಥವನ್ನಲ್ಲ, ಅದರ ಜೋಡಣೆಯನ್ನು ಎಂಬುದು ಈ ಉಪನ್ಯಾಸದ ಪ್ರತಿಪಾದನೆ.

ಇದನ್ನು ವಿವರಿಸುವುದಕ್ಕೆ ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವಕ್ಕೆ ಹಬ್ಬಿದ ಬಡಾವಣೆಗಳು ಸಾಕಷ್ಟು ಸಾಮಗ್ರಿಯನ್ನು ಒದಗಿಸುತ್ತವೆ. ಚರ್ಮ ಹದಮಾಡುವ ಕಸುಬಿನಿಂದ ಹೆಸರು ಪಡೆದ ಟ್ಯಾನರಿ ರಸ್ತೆ, ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ, ಹಲಸೂರನ್ನು ದಾಟಿದರೆ ಸಿಗುವ ಇಂದಿರಾನಗರದ ಕಣ್ಣಿನ ಆಸ್ಪತ್ರೆಗಳು, ಕೋಡಿಹಳ್ಳಿಯಲ್ಲಿರುವ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಇವು ಹೊರನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ತಾಣಗಳು. ಆದರೆ ಎಳೆಗಳನ್ನು ಹೇಗೆ ಹೆಣೆದರೆ, ಹೇಗೆ ಬಿಗಿದರೆ ಅವು ಬಾಳುತ್ತವೆ ಎಂಬ ಪ್ರಶ್ನೆ ಈ ಎಲ್ಲ ಕಡೆಗಳಲ್ಲಿಯೂ ಬೇರೆ ಬೇರೆ ರೂಪದಲ್ಲಿ ಎದುರಾಗಿದೆ.

ಕೊಲಾಜೆನ್ನಿನ ಹೆಣಿಗೆ

ಕೊಲಾಜೆನ್ನಿನ ಅಣುರಚನೆಯನ್ನು ಬಿಡಿಸಿದ ಕೀರ್ತಿ ಭಾರತೀಯ ವಿಜ್ಞಾನಿಗಳಿಗೆ ಸಲ್ಲುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1940ರ ದಶಕದಲ್ಲಿ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದ ಜಿ.ಎನ್. ರಾಮಚಂದ್ರನ್, 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ತೆರಳಿ, ಗೋಪಿನಾಥ ಕರ್ತಾ ಅವರೊಡನೆ ಕ್ಷ-ಕಿರಣಗಳ ಸಹಾಯದಿಂದ ಕೊಲಾಜೆನ್ನನ್ನು ಪರೀಕ್ಷಿಸಿ, ಅದು ಮೂರು ಸರಪಳಿಗಳು ಒಂದನ್ನೊಂದು ಸುತ್ತಿಕೊಂಡ ಹುರಿ ಎಂಬುದನ್ನು 1954 ಮತ್ತು 1955ರಲ್ಲಿ ಪ್ರಕಟಿಸಿದರು. ಮುಂದೆ 1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಜ್ಞಾನದ ವಿಭಾಗವನ್ನು ಕಟ್ಟಿದರು.

ಪ್ರತಿಯೊಂದು ಸರಪಳಿಯಲ್ಲಿ ಪ್ರತಿ ಮೂರನೆಯ ಕೊಂಡಿಯೂ ಗ್ಲೈಸಿನ್ ಎಂಬ ಅಮೈನೋ ಆಮ್ಲವೇ ಆಗಿರಬೇಕು. ಮೂರು ಸರಪಳಿಗಳು ಸೇರುವ ಹುರಿಯ ಒಳನಡುವಿನಲ್ಲಿ ಇರುವ ಜಾಗ ಅಷ್ಟು ಇಕ್ಕಟ್ಟಾದ್ದರಿಂದ ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದಾದ ಗ್ಲೈಸಿನ್ ಮಾತ್ರ ಅಲ್ಲಿ ಹಿಡಿಯುತ್ತದೆ. ಸುಮಾರು 300 ನ್ಯಾನೊಮೀಟರ್ ಉದ್ದ, ಒಂದೂವರೆ ನ್ಯಾನೊಮೀಟರ್ ದಪ್ಪವಿರುವ ಇಂಥ ಹುರಿಗಳು ಪಕ್ಕಪಕ್ಕದಲ್ಲಿ ತುಸು ತುಸು ಹಿಂದೆ ಮುಂದೆ ಸರಿದು ಕೂಡಿಕೊಂಡು ಎಳೆಯಾಗುತ್ತವೆ. ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಹುರಿ ಹುರಿಯ ನಡುವೆ ಅಡ್ಡಬೆಸುಗೆ ಬೀಳುವುದು ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವದ ಕೆಲಸದಿಂದ. ಆ ಬೆಸುಗೆ ಇಲ್ಲದಿದ್ದರೆ ಎಳೆದಾಗ ಹುರಿಗಳು ಒಂದರ ಮೇಲೊಂದು ಜಾರುತ್ತವೆ.

ಇಲ್ಲಿಯವರೆಗೆ ಚರ್ಮಕ್ಕೂ ಕಾರ್ನಿಯಾಕ್ಕೂ ಹೇಳಿಕೊಳ್ಳುವಂಥ ಭೇದವಿಲ್ಲ. ಭೇದ ತೊಡಗುವುದು ಎಳೆಯ ದಪ್ಪದಲ್ಲಿ ಮತ್ತು ಎಳೆಗಳ ನಡುವಿನ ಅಂತರದಲ್ಲಿ.

ನಿಚ್ಚಳತೆಯ ಕಾರಣ

ಕಾರ್ನಿಯಾದ ದಪ್ಪದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸ್ಟ್ರೋಮಾ ಎಂದು ಕರೆಯುವ ನಡುಪದರ. ಅದರಲ್ಲಿರುವ ಎಳೆಗಳೆಲ್ಲವೂ ಹೆಚ್ಚುಕಡಿಮೆ ಒಂದೇ ದಪ್ಪದವು. ಮನುಷ್ಯನ ಕಣ್ಣಿನಲ್ಲಿ ಆ ದಪ್ಪ 25ರಿಂದ 31 ನ್ಯಾನೊಮೀಟರ್. ಎಳೆಯ ನಡುವಿನಿಂದ ಪಕ್ಕದ ಎಳೆಯ ನಡುವಿಗೆ ಇರುವ ದೂರ ಸುಮಾರು 60 ನ್ಯಾನೊಮೀಟರ್. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ 400ರಿಂದ 700 ನ್ಯಾನೊಮೀಟರ್ ಎಂಬುದನ್ನು ನೆನೆದರೆ ಈ ಅಳತೆಗಳು ಎಷ್ಟು ಸಣ್ಣವೆಂಬುದು ತಿಳಿಯುತ್ತದೆ.

ಎಳೆಯ ವಕ್ರೀಭವನಾಂಕ ಅದರ ಸುತ್ತಲಿನ ದ್ರವದ ವಕ್ರೀಭವನಾಂಕಕ್ಕಿಂತ ಹೆಚ್ಚು; ಹೀಗಾಗಿ ಪ್ರತಿ ಎಳೆಯೂ ತನ್ನ ಮೇಲೆ ಬಿದ್ದ ಬೆಳಕನ್ನು ಅಷ್ಟಿಷ್ಟು ಚದುರಿಸಲೇಬೇಕು. ಎಳೆಗಳು ಅಡ್ಡಾದಿಡ್ಡಿಯಾಗಿ ಬಿದ್ದಿದ್ದು ಪ್ರತಿಯೊಂದೂ ತನ್ನ ಪಾಡಿಗೆ ಚದುರಿಸಿದ್ದರೆ ಒಳಬಂದ ಬೆಳಕಿನ ಬಹುಭಾಗ ದಾರಿಯಲ್ಲೇ ಕಳೆದುಹೋಗಬೇಕಾಗಿತ್ತು. ಹಾಗಾಗುವುದಿಲ್ಲವೇಕೆ ಎಂಬುದಕ್ಕೆ 1957ರಲ್ಲಿ ಇಂಗ್ಲೆಂಡಿನ ಡೇವಿಡ್ ಮಾರಿಸ್ ಉತ್ತರ ಕೊಟ್ಟರು. ಎಳೆಗಳು ಸಮಾನ ಅಂತರದ ಜಾಲರಿಯಲ್ಲಿ ನಿಂತಿರುವುದರಿಂದ ಅಕ್ಕಪಕ್ಕಕ್ಕೆ ಚದುರಿದ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ, ನೇರ ಮುಂದಕ್ಕೆ ಸಾಗುವ ಅಲೆಗಳು ಮಾತ್ರ ಒಂದಕ್ಕೊಂದು ಬಲ ಕೊಡುತ್ತವೆ ಎಂಬುದು ಅವರ ವಾದ. ಹತ್ತು ವರ್ಷಗಳ ತರುವಾಯ ಗೋಲ್ಡ್‌ಮನ್ ಮತ್ತು ಬೆನೆಡೆಕ್ ಈ ವಾದವನ್ನು ಸಡಿಲಿಸಿ, ಹರಳಿನಷ್ಟು ಕಟ್ಟುನಿಟ್ಟಾದ ಜಾಲರಿ ಬೇಕಿಲ್ಲ, ಒಳಗಿನ ಏರುಪೇರುಗಳು ಅಲೆಯುದ್ದದ ಅರ್ಧಕ್ಕಿಂತ ಸಣ್ಣವಾಗಿದ್ದರೆ ಸಾಕು ಎಂದರು. 1969ರಲ್ಲಿ ಹಾರ್ಟ್ ಮತ್ತು ಫ್ಯಾರೆಲ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳನ್ನು ಆಧರಿಸಿ ಲೆಕ್ಕ ಹಾಕಿ, ನೆರೆಹೊರೆಯ ಕೆಲವೇ ಎಳೆಗಳ ನಡುವಿನ ಅಲ್ಪದೂರದ ಶಿಸ್ತು ಪಾರದರ್ಶಕತೆಗೆ ಸಾಕೆಂದು ತೋರಿಸಿದರು.

ಈ ಶಿಸ್ತನ್ನು ಕಾಯುವವು ಎರಡು. ದೇಹದಲ್ಲಿ ಹಲವು ಬಗೆಯ ಕೊಲಾಜೆನ್‌ಗಳಿದ್ದು, ಕಾರ್ನಿಯಾದಲ್ಲಿ ಒಂದನೆಯ ಬಗೆಯದೇ ಹೆಚ್ಚು. ಆದರೆ ಐದನೆಯ ಬಗೆಯದು ಇತರ ಅಂಗಾಂಶಗಳಿಗಿಂತ ಇಲ್ಲಿ ಹೆಚ್ಚಿನ ಪ್ರಮಾಣದಲ್ಲಿ ಬೆರೆತು, ಎಳೆ ಒಂದು ಮಿತಿಯನ್ನು ಮೀರಿ ದಪ್ಪವಾಗದಂತೆ ತಡೆಯುತ್ತದೆ. ಲ್ಯುಮಿಕನ್, ಡೆಕೊರಿನ್, ಕೆರಟೊಕನ್ ಎಂಬ ಪ್ರೋಟಿಯೊಗ್ಲೈಕನ್‌ಗಳು, ಅಂದರೆ ಸಕ್ಕರೆಯ ಬಾಲವಿರುವ ಪ್ರೋಟೀನುಗಳು, ಎಳೆಗಳಿಗೆ ಅಂಟಿ ನಿಂತು ಅವುಗಳ ನಡುವಿನ ಅಂತರವನ್ನು ಕಾಯುತ್ತವೆ. ಕಾರ್ನಿಯಾದ ಅಂಚನ್ನು ದಾಟಿದೊಡನೆ ಸಿಗುವ ಬಿಳಿಗುಡ್ಡೆಯ ಹೊದಿಕೆಯೂ ಒಂದನೆಯ ಬಗೆಯ ಕೊಲಾಜೆನ್ನಿನದೇ. ಅಲ್ಲಿ ಎಳೆಗಳ ದಪ್ಪ 25 ನ್ಯಾನೊಮೀಟರಿನಿಂದ 200ಕ್ಕೂ ಮೀರಿ ಏರಿಳಿಯುತ್ತದೆ, ಅಂತರಕ್ಕೆ ನಿಯಮವಿಲ್ಲ, ಹೆಣಿಗೆ ಸಿಕ್ಕುಸಿಕ್ಕಾಗಿದೆ. ಒಂದೇ ಪದಾರ್ಥ ಒಂದು ಕಡೆ ಗಾಜು, ಕೂದಲೆಳೆಯಷ್ಟು ಆಚೆಗೆ ಸುಣ್ಣದ ಬಿಳುಪು ಎನ್ನುವಷ್ಟು ಬೇರೆಯಾಗಿ ಕಾಣುವುದಕ್ಕೆ ಜೋಡಣೆಯ ಹೊರತು ಬೇರೆ ದೊಡ್ಡ ಕಾರಣವಿಲ್ಲ.

ಬಲದ ಕಾರಣ

ಸ್ಟ್ರೋಮಾದಲ್ಲಿ ಎಳೆಗಳು ಸಮಾಂತರವಾಗಿ ಮಲಗಿ ತೆಳುವಾದ ಹಾಳೆಗಳಾಗುತ್ತವೆ. ನಡುಭಾಗದಲ್ಲಿ ಇಂಥ ಹಾಳೆಗಳು ಸುಮಾರು 200ರಿಂದ 250. ಒಂದು ಹಾಳೆಯ ಎಳೆಗಳು ಒಂದು ದಿಕ್ಕಿಗೆ ಹರಿದರೆ ಮುಂದಿನ ಹಾಳೆಯವು ಅದಕ್ಕೆ ಅಡ್ಡಲಾಗಿ ಹರಿಯುತ್ತವೆ. ಕ್ಷ-ಕಿರಣಗಳ ಅಧ್ಯಯನಗಳು ತೋರಿಸಿರುವಂತೆ ಕಾರ್ನಿಯಾದ ನಡುವಿನಲ್ಲಿ ಮೇಲೆ-ಕೆಳಗೆ ಮತ್ತು ಎಡ-ಬಲ ದಿಕ್ಕುಗಳಿಗೆ ಹೆಚ್ಚಿನ ಎಳೆಗಳು ಒಲಿದಿದ್ದು, ಅಂಚಿಗೆ ಬಂದಾಗ ಅವು ಸುತ್ತಲೂ ಬಳೆಯಾಕಾರದಲ್ಲಿ ತಿರುಗಿ ಇಡೀ ಗುಮ್ಮಟವನ್ನು ಬಿಗಿದು ಹಿಡಿಯುತ್ತವೆ.

ಈ ತತ್ತ್ವ ವಿಮಾನ ಕಟ್ಟುವವರಿಗೆ ಹೊಸದಲ್ಲ. ಎಚ್‌ಎಎಲ್ ವಿಮಾನ ನಿಲ್ದಾಣದಿಂದ 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿದ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು 45 ಶೇಕಡ ಇಂಗಾಲದ ಎಳೆಗಳ ಸಂಯುಕ್ತ ವಸ್ತುವಿನದು, ಮತ್ತು ಆ ವಸ್ತುವಿನ ಭಾಗಗಳನ್ನು ರೂಪಿಸಿದ ಕೆಲಸದಲ್ಲಿ ಕೋಡಿಹಳ್ಳಿಯ ಪ್ರಯೋಗಾಲಯದ ಪಾಲು ದೊಡ್ಡದು. ಅಲ್ಲಿಯೂ ಎಳೆಗಳ ಹಾಳೆಗಳನ್ನು ಒಂದರ ಮೇಲೊಂದು ದಿಕ್ಕು ಬದಲಿಸಿ ಹಾಸಲಾಗುತ್ತದೆ, ಏಕೆಂದರೆ ಎಳೆಗೆ ಬಲವಿರುವುದು ಅದರ ಉದ್ದಕ್ಕೆ ಮಾತ್ರ. ಇಂಥ ವಸ್ತುವಿನಲ್ಲಿ ಎಂಜಿನಿಯರುಗಳು ಹೆಚ್ಚು ಹೆದರುವುದು ಹಾಳೆ ಹಾಳೆಯ ನಡುವೆ ಬಿಡುವು ಬಿದ್ದು ಪದರ ಕಳಚುವುದಕ್ಕೆ. ಕಾರ್ನಿಯಾದಲ್ಲಿ ಈ ಅಪಾಯಕ್ಕೆ ಒಂದು ಪರಿಹಾರ ಕಾಣುತ್ತದೆ: ಮುಂಭಾಗದ ಮೂರನೇ ಒಂದು ಪಾಲಿನಲ್ಲಿ ಹಾಳೆಗಳು ಬರೀ ಒಂದರ ಮೇಲೊಂದು ಮಲಗದೆ, ಕವಲೊಡೆದು ಒಂದರೊಳಗೊಂದು ಹೆಣೆದುಕೊಂಡು, ಕೆಲವು ಓರೆಯಾಗಿ ಮೇಲೇರಿ ಬೌಮನ್ ಪದರ ಎಂಬ ಮುಂಪದರಕ್ಕೆ ನಾಟಿಕೊಂಡಿವೆ. ಹಿಂಭಾಗದ ಹಾಳೆಗಳಿಗೆ ಇಷ್ಟು ಹೆಣಿಗೆಯಿಲ್ಲ. ಆದ್ದರಿಂದ ಕಾರ್ನಿಯಾದ ಬಲದ ಬಹುಪಾಲು ಮುಂಭಾಗದಲ್ಲಿದೆ.

ಕನ್ನಡಕ ಬಿಡಿಸುವ ಲೇಸಿಕ್ ಶಸ್ತ್ರಚಿಕಿತ್ಸೆಗೆ ಮುನ್ನ ಕಾರ್ನಿಯಾದ ದಪ್ಪವನ್ನೂ ಬಾಗನ್ನೂ ಅಳೆಯಲೇಬೇಕೆಂದು ವೈದ್ಯರು ಪಟ್ಟುಹಿಡಿಯುವುದು ಇದೇ ಕಾರಣಕ್ಕೆ. ಆ ಚಿಕಿತ್ಸೆಯಲ್ಲಿ ಎತ್ತುವ, ನೂರು ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನ ದಪ್ಪದ ಹೊದಿಕೆ ಬರುವುದು ಹೆಣಿಗೆ ಬಿಗಿಯಾಗಿರುವ ಭಾಗದಿಂದಲೇ, ಮತ್ತು ಒಮ್ಮೆ ಕತ್ತರಿಸಿದ ಎಳೆಗಳು ಮೊದಲಿನ ಬಲಕ್ಕೆ ಮರಳುವುದಿಲ್ಲ.

ನೀರಿನ ಲೆಕ್ಕ

ಬಲಕ್ಕೂ ನಿಚ್ಚಳತೆಗೂ ನಡುವೆ ನೀರು ನಿಂತಿದೆ. ಸ್ಟ್ರೋಮಾದ ತೂಕದಲ್ಲಿ ಸುಮಾರು 78 ಶೇಕಡ ನೀರಿದ್ದು, ಪ್ರೋಟಿಯೊಗ್ಲೈಕನ್‌ಗಳ ಮೇಲಿನ ಋಣವಿದ್ಯುತ್ತಿನ ಕಾರಣ ಅದು ಇನ್ನಷ್ಟು ನೀರನ್ನು ಹೀರಲು ಸದಾ ಹವಣಿಸುತ್ತಿರುತ್ತದೆ. ಶಿವಾಜಿನಗರದ ಮಾಂಸದಂಗಡಿಯಲ್ಲಿ ಸಿಗುವ ಕುರಿಯ ಕಣ್ಣಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಕಡಿದು ಹೆಚ್ಚು ಹೊತ್ತಾಗದ ಕಣ್ಣಿನ ಕಾರ್ನಿಯಾವನ್ನು ಕತ್ತರಿಸಿ ತೆಗೆದು ಬರೀ ನೀರಿನಲ್ಲಿ ಬಿಟ್ಟರೆ ಅದು ಕ್ರಮೇಣ ನೀಲಿಯೇರಿ, ಬೆಳ್ಳಗಾಗಿ, ಊದಿ ದಪ್ಪನಾದ ಮೆತ್ತನೆಯ ಬಿಲ್ಲೆಯಾಗುತ್ತದೆ. ಅದನ್ನು ಗ್ಲಿಸರಿನ್ನಿಗೆ ಹಾಕಿದರೆ ನೀರು ಹೊರಬಂದು ಮತ್ತೆ ತಿಳಿಯಾಗತೊಡಗುತ್ತದೆ. ಊದಿದಾಗ ಎಳೆಗಳು ಊದಿದ್ದಲ್ಲ, ಎಳೆಗಳ ನಡುವೆ ನೀರು ತುಂಬಿ ಅಂತರ ಏರುಪೇರಾಗಿ ಅಲ್ಲಲ್ಲಿ ಕೆರೆಗಳು ನಿಂತಿರುತ್ತವೆ. ಅವೇ ಬೆಳಕನ್ನು ಚದುರಿಸುತ್ತವೆ.

ಬದುಕಿರುವ ಕಣ್ಣಿನಲ್ಲಿ ಈ ಊತವನ್ನು ತಡೆಯುವುದು ಕಾರ್ನಿಯಾದ ಒಳಮೈಗೆ ಹಾಸಿದ ಎಂಡೋಥೀಲಿಯಮ್ ಎಂಬ ಒಂದೇ ಸಾಲಿನ ಜೀವಕೋಶಗಳು. ವಯಸ್ಕರಲ್ಲಿ ಒಂದು ಚದರ ಮಿಲಿಮೀಟರಿಗೆ ಸುಮಾರು 2500ರಿಂದ 3000 ಇರುವ ಇವು ಒಳಗೆ ಜಿನುಗಿದ ನೀರನ್ನು ಎಡೆಬಿಡದೆ ಹೊರಹಾಕುತ್ತವೆ. ಮನುಷ್ಯನ ಕಣ್ಣಿನಲ್ಲಿ ಸತ್ತ ಎಂಡೋಥೀಲಿಯಮ್ ಕೋಶದ ಜಾಗಕ್ಕೆ ಹೊಸದು ಹುಟ್ಟಿ ಬರುವುದಿಲ್ಲವಾದ್ದರಿಂದ ಅವು ತೀರಾ ಕಡಿಮೆಯಾದರೆ ಕಾರ್ನಿಯಾ ಶಾಶ್ವತವಾಗಿ ಮಸುಕಾಗುತ್ತದೆ.

ಜೋಡಣೆ ಕೆಟ್ಟಾಗ

ಜೋಡಣೆ ಕೆಡುವ ಬಗೆಗಳಲ್ಲಿ ಜನರಿಗೆ ಹೆಚ್ಚು ಪರಿಚಿತವಾದದ್ದು ಕಣ್ಣಿಗೆ ಹೂ ಬೀಳುವುದು. ಭತ್ತದ ಸುಂಕು, ಮುಳ್ಳು, ಲೋಹದ ಚೂರು ತಾಗಿ ಹುಣ್ಣಾದ ಜಾಗವನ್ನು ದೇಹ ಹೊಸ ಕೊಲಾಜೆನ್ನಿನಿಂದ ತುಂಬುತ್ತದೆ. ಆದರೆ ತುರ್ತಿನಲ್ಲಿ ಸುರಿದ ಆ ಎಳೆಗಳಿಗೆ ಸಮನಾದ ದಪ್ಪವಿಲ್ಲ, ಸಮನಾದ ಅಂತರವಿಲ್ಲ. ತೂತು ಮುಚ್ಚುತ್ತದೆ, ಕಣ್ಣಿನ ಗುಡ್ಡೆ ಉಳಿಯುತ್ತದೆ, ಬೆಳಕಿನ ದಾರಿ ಮುಚ್ಚಿಹೋಗುತ್ತದೆ. ಇದು ವಯಸ್ಸಿನೊಡನೆ ಬರುವ ಪೊರೆಗಿಂತ ಬೇರೆ. ಪೊರೆ ಇರುವುದು ಒಳಗಿನ ಮಸೂರದಲ್ಲಿ.

ಇದಕ್ಕೆ ತಿರುಗುಮುರುಗಾದ ಕಾಯಿಲೆ ಕೆರಟೊಕೋನಸ್. ಹದಿಹರೆಯದಲ್ಲಿ ತಲೆದೋರಿ ಕಾರ್ನಿಯಾ ತೆಳುವಾಗುತ್ತ, ಗುಮ್ಮಟ ಶಂಕುವಿನಂತೆ ಮುಂದಕ್ಕೆ ಚಾಚುತ್ತದೆ. ಆರಂಭದಲ್ಲಿ ಪಟಲ ತಿಳಿಯಾಗಿಯೇ ಇರುತ್ತದೆ, ಕಣ್ಣು ಕೆಂಪಾಗುವುದಿಲ್ಲ, ನೋವಿಲ್ಲ. ಕನ್ನಡಕದ ಸಿಲಿಂಡರ್ ನಂಬರ್ ವರ್ಷಕ್ಕೊಮ್ಮೆ, ಆರು ತಿಂಗಳಿಗೊಮ್ಮೆ ಬದಲಾಗುತ್ತಿರುವುದೇ ಮೊದಲ ಸುಳಿವು. ಕ್ಷ-ಕಿರಣಗಳಿಂದ ನೋಡಿದಾಗ ಶಂಕುವಿನ ಜಾಗದಲ್ಲಿ ಎಳೆಗಳ ಅಡ್ಡ-ಉದ್ದದ ಕ್ರಮ ಚೆದುರಿರುವುದು, ಹಾಳೆಗಳ ಹೆಣಿಗೆ ಸಡಿಲಿ ಒಂದರ ಮೇಲೊಂದು ಜಾರಿರುವುದು ಕಂಡುಬಂದಿದೆ. ಬಾಗು ಅಷ್ಟೇ ಇದ್ದು 540 ಮೈಕ್ರಾನ್ ದಪ್ಪ 400ಕ್ಕೆ ಇಳಿದರೆ, ಒಳಗಿನ ಒತ್ತಡ ಬದಲಾಗದೆಯೂ ಉಳಿದ ಎಳೆಗಳ ಮೇಲಿನ ಎಳೆತ ಮೂರನೇ ಒಂದು ಭಾಗಕ್ಕೂ ಮಿಗಿಲಾಗಿ ಏರುತ್ತದೆ. ಎಳೆತ ಏರಿದಂತೆ ಪಟಲ ಇನ್ನಷ್ಟು ಸಡಿಲುತ್ತದೆ. ಕಾಯಿಲೆ ಬಲಿತಾಗ ಕೆಲವರಲ್ಲಿ ಒಳಪದರ ಬಿರಿದು ನೀರು ಒಮ್ಮೆಗೇ ಸ್ಟ್ರೋಮಾಕ್ಕೆ ನುಗ್ಗಿ ಕಣ್ಣು ಒಂದೆರಡು ದಿನಗಳಲ್ಲೇ ಬೆಳ್ಳಗಾಗುತ್ತದೆ. ಬಲ ಹೋದ ದಾರಿಯಲ್ಲಿಯೇ ನಿಚ್ಚಳತೆಯೂ ಹೋಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ಕಾಯಿಲೆಗೆ ಆನುವಂಶಿಕ ಕಾರಣಗಳೂ ಇವೆ, ಅಲರ್ಜಿಯ ಮತ್ತು ಕಣ್ಣುಜ್ಜುವ ಅಭ್ಯಾಸದ ನಂಟೂ ಇದೆ. ಬೆಂಗಳೂರಿನ ನಾರಾಯಣ ನೇತ್ರಾಲಯ ಎಂಬ ಕಣ್ಣಿನ ಆಸ್ಪತ್ರೆಯ ರೋಹಿತ್ ಶೆಟ್ಟಿ, ಅರ್ಕಸುಭ್ರ ಘೋಷ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆರಟೊಕೋನಸ್ ಇರುವವರ ಕಾರ್ನಿಯಾದ ಮೇಲ್ಪದರದ ಕೋಶಗಳಲ್ಲಿ ಲೈಸಿಲ್ ಆಕ್ಸಿಡೇಸ್ ತಗ್ಗಿದ್ದು, ಕಾಯಿಲೆ ಬಲಿತಷ್ಟೂ ಆ ತಗ್ಗು ಹೆಚ್ಚುತ್ತದೆಂದು ಕಂಡುಬಂತು. ಹುರಿ ಹುರಿಯನ್ನು ಬೆಸೆಯುವ ಕಿಣ್ವವೇ ಸೊರಗಿದಾಗ ಹೆಣಿಗೆ ಸಡಿಲುವುದು ಅರ್ಥವಾಗುವ ಮಾತು.

ಹದ ಮತ್ತು ಬೆಸುಗೆ

ಸಡಿಲಿದ ಕೊಲಾಜೆನ್ನನ್ನು ಬಿಗಿಯುವ ವಿದ್ಯೆ ಮನುಷ್ಯನಿಗೆ ಬಹಳ ಹಿಂದಿನಿಂದ ಗೊತ್ತು. ಹಸಿ ತೊಗಲು ಕೊಳೆಯುವುದು ಅದರ ಕೊಲಾಜೆನ್ ಬಿಡಿಬಿಡಿಯಾಗಿ ಕರಗುವುದರಿಂದ. ದಕ್ಷಿಣ ಭಾರತದ ಚಮ್ಮಾರಿಕೆಯಲ್ಲಿ ಬಳಸುತ್ತಿದ್ದ ತಂಗಡಿಯ ತೊಗಟೆಯ ಒಗರು ಎಳೆಗಳ ನಡುವೆ ಸೇರಿ ಅವುಗಳನ್ನು ಒಂದಕ್ಕೊಂದು ಕಟ್ಟುತ್ತದೆ, ತೊಗಲು ಬಾಳಿಕೆಯ ಚರ್ಮವಾಗುತ್ತದೆ. ಕ್ರೋಮಿಯಂ ಲವಣ ಬಂದಮೇಲೆ ಕೆಲಸ ಬೇಗವಾಯಿತೇ ಹೊರತು ತತ್ತ್ವ ಬದಲಾಗಲಿಲ್ಲ. ಆದರೆ ಒಗರಿನ ಬಣ್ಣವೂ ಕ್ರೋಮಿಯಂನ ವಿಷವೂ ಕಣ್ಣಿಗೆ ಸಲ್ಲವು. ನಿಚ್ಚಳತೆಯನ್ನು ಕೆಡಿಸದ ಬೆಸುಗೆ ಬೇಕಾಗಿತ್ತು.

ಅಂಥ ಬೆಸುಗೆಯನ್ನು ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ವೊಲೆನ್ಸಾಕ್, ಸ್ಪೋರ್ಲ್ ಮತ್ತು ಸೈಲರ್ ರೂಪಿಸಿ 2003ರಲ್ಲಿ ಕೆರಟೊಕೋನಸ್ ರೋಗಿಗಳ ಮೇಲಿನ ಫಲಿತಾಂಶವನ್ನು ಪ್ರಕಟಿಸಿದರು. ಕಾರ್ನಿಯಾದ ಮೇಲ್ಪದರವನ್ನು ನಡುವಿನಲ್ಲಿ ಸವರಿ ತೆಗೆದು, 0.1 ಶೇಕಡ ರೈಬೊಫ್ಲೇವಿನ್, ಅಂದರೆ ಬಿ2 ಜೀವಸತ್ವದ ಹಳದಿ ದ್ರಾವಣವನ್ನು ಹನಿಹನಿಯಾಗಿ ಅರ್ಧ ಗಂಟೆ ಹಾಕಿ, 370 ನ್ಯಾನೊಮೀಟರ್ ಅಲೆಯುದ್ದದ ಅತಿನೇರಳೆ ಬೆಳಕನ್ನು ಇನ್ನರ್ಧ ಗಂಟೆ ಬೀರುವುದು ಮೂಲ ಕ್ರಮ. ಈಗ ಅವಧಿಯನ್ನು ತಗ್ಗಿಸಿದ ಕ್ರಮಗಳೂ ಬಳಕೆಯಲ್ಲಿವೆ. ಬೆಳಕನ್ನು ಹೀರಿದ ರೈಬೊಫ್ಲೇವಿನ್ ಆಮ್ಲಜನಕವನ್ನು ಚುರುಕುಗೊಳಿಸಿ ಎಳೆಗಳಲ್ಲಿ ಹೊಸ ಅಡ್ಡಬೆಸುಗೆಗಳನ್ನು ಹುಟ್ಟಿಸುತ್ತದೆ, ಹಾಗೆಯೇ ಆ ಬೆಳಕು ಎಂಡೋಥೀಲಿಯಮ್‌ವರೆಗೆ ಇಳಿಯದಂತೆ ತಡೆಯುತ್ತದೆ. ಈ ತಡೆ ಸಾಲಬೇಕಾದರೆ ಮೂಲ ಕ್ರಮದಲ್ಲಿ ಕಾರ್ನಿಯಾ ಕನಿಷ್ಠ 400 ಮೈಕ್ರಾನ್ ದಪ್ಪವಿರಬೇಕು. ಆದ್ದರಿಂದ ತಡಮಾಡಿದವರಿಗೆ ಈ ಚಿಕಿತ್ಸೆ ಕೈತಪ್ಪಬಹುದು. ಚಿಕಿತ್ಸೆಯ ಉದ್ದೇಶ ಕಾಯಿಲೆ ಮುಂದುವರಿಯದಂತೆ ನಿಲ್ಲಿಸುವುದು. ಕೆಟ್ಟ ಆಕಾರ ಪೂರ್ತಿ ಸರಿಹೋಗುವುದಿಲ್ಲ, ಕನ್ನಡಕವೋ ಗಟ್ಟಿ ಲೆನ್ಸೋ ಮುಂದೆಯೂ ಬೇಕಾಗುತ್ತದೆ.

ಎರಡು ಕಣ್ಣು, ನಾಲ್ವರ ದೃಷ್ಟಿ

ಕಾರ್ನಿಯಾ ಹಾಳೆಹಾಳೆಯಾಗಿದೆ ಎಂಬ ಶರೀರರಚನೆಯ ಸಂಗತಿ ಕರ್ನಾಟಕದ ಮನೆಮನೆಗೆ ತಿಳಿದದ್ದು 2021ರಲ್ಲಿ. ಅಕ್ಟೋಬರ್ 29ರಂದು ನಿಧನರಾದ ನಟ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳನ್ನು ಕುಟುಂಬದವರು ನಾರಾಯಣ ನೇತ್ರಾಲಯದ ಡಾ. ರಾಜ್‌ಕುಮಾರ್ ನೇತ್ರಬ್ಯಾಂಕಿಗೆ ದಾನ ಮಾಡಿದರು; 2006ರಲ್ಲಿ ಅವರ ತಂದೆ ಡಾ. ರಾಜ್‌ಕುಮಾರ್ ಅವರ, 2017ರಲ್ಲಿ ತಾಯಿ ಪಾರ್ವತಮ್ಮನವರ ಕಣ್ಣುಗಳೂ ಹೀಗೆಯೇ ದಾನವಾಗಿದ್ದವು. ಆಗ ಡಾ. ಕೆ. ಭುಜಂಗ ಶೆಟ್ಟಿ ಅವರ ನೇತೃತ್ವದಲ್ಲಿದ್ದ ಆ ಆಸ್ಪತ್ರೆಯಲ್ಲಿ ವೈದ್ಯರು ಪ್ರತಿ ಕಾರ್ನಿಯಾವನ್ನು ಮುಂಭಾಗ ಮತ್ತು ಹಿಂಭಾಗವಾಗಿ ಸೀಳಿದರು. ಮುಂಭಾಗಗಳನ್ನು ಮೇಲಿನ ಪದರಗಳ ಕಾಯಿಲೆಯಿದ್ದ ಇಬ್ಬರಿಗೆ, ಎಂಡೋಥೀಲಿಯಮ್ ಇರುವ ಹಿಂಭಾಗಗಳನ್ನು ಒಳಪದರದ ಕಾಯಿಲೆಯಿದ್ದ ಇಬ್ಬರಿಗೆ ಕಸಿ ಮಾಡಿದ್ದರಿಂದ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ದೊರಕಿತು.

ಹಾಳೆಗಳು ಕಣ್ಣಿನ ಮೇಲ್ಮೈಗೆ ಸಮಾಂತರವಾಗಿ ಮಲಗಿಲ್ಲದಿದ್ದರೆ ಈ ಸೀಳುವಿಕೆ ಸಾಧ್ಯವಾಗುತ್ತಿರಲಿಲ್ಲ. ಬಿಳಿಗುಡ್ಡೆಯನ್ನು ಹೀಗೆ ನಯವಾಗಿ ಪದರ ಬಿಡಿಸಲಾಗದು. 1905ರ ಡಿಸೆಂಬರ್ 7ರಂದು ಈಗಿನ ಚೆಕ್ ದೇಶದ ಒಲೊಮೌಟ್ಸ್‌ನಲ್ಲಿ ಎಡ್ವರ್ಡ್ ಜಿರ್ಮ್ ಮನುಷ್ಯನಿಂದ ಮನುಷ್ಯನಿಗೆ ಮೊದಲ ಯಶಸ್ವಿ ಕಾರ್ನಿಯಾ ಕಸಿ ಮಾಡಿದಾಗ ಬಳಸಿದ್ದು ಪೂರ್ಣ ದಪ್ಪದ ತುಂಡು. ಇಂದು ಕೆಟ್ಟ ಪದರಕ್ಕೆ ತಕ್ಕ ಪದರವನ್ನಷ್ಟೇ ಬದಲಿಸುವ ಕ್ರಮ ಬೆಳೆದಿರುವುದು ಜೋಡಣೆಯ ತಿಳಿವಳಿಕೆಯ ಫಲ.

ಉಪಸಂಹಾರ

ಇಷ್ಟರಿಂದ ಎರಡು ಕರ್ತವ್ಯಗಳು ಹೊರಡುತ್ತವೆ. ಮೊದಲನೆಯದು ಮಕ್ಕಳ ಕಣ್ಣಿಗೆ ಸಂಬಂಧಿಸಿದ್ದು. ರಸ್ತೆಯ ದೂಳೂ ಕಾಂಗ್ರೆಸ್ ಗಿಡದ ಪರಾಗವೂ ಬೆರೆತ ಕೆ.ಆರ್. ಪುರದ ಗಾಳಿಯಲ್ಲಿ ಬೆಳೆಯುವ ಮಗು ಪದೇಪದೇ ಕಣ್ಣುಜ್ಜುತ್ತಿದ್ದರೆ ಅದನ್ನು ಚಾಳಿಯೆಂದು ಗದರಿ ಬಿಡದೆ, ತುರಿಕೆಗೆ ಔಷಧಿ ಕೊಡಿಸಬೇಕು; ಸಿಲಿಂಡರ್ ನಂಬರ್ ಬೇಗಬೇಗ ಬದಲಾಗುತ್ತಿದ್ದರೆ ಹೊಸ ಕನ್ನಡಕಕ್ಕೆ ತೃಪ್ತರಾಗದೆ ಕಾರ್ನಿಯಾದ ಟೊಪೊಗ್ರಫಿ, ಅಂದರೆ ಬಾಗಿನ ನಕ್ಷೆ, ಮಾಡಿಸಬೇಕು. ಎರಡನೆಯದು ದಾನ. ಕನ್ನಡಕ ಹಾಕಿದವರೂ, ಪೊರೆಯ ಶಸ್ತ್ರಚಿಕಿತ್ಸೆ ಆದವರೂ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರೂ ಕಣ್ಣು ದಾನ ಮಾಡಬಹುದು. ಸಾವಿನ ನಂತರ ಎಂಡೋಥೀಲಿಯಮ್ ಕೋಶಗಳು ಸಾಯತೊಡಗುವುದರಿಂದ ಕಣ್ಣನ್ನು ಸಾಧ್ಯವಾದಷ್ಟು ಬೇಗ, ಆರು ಗಂಟೆಗಳ ಒಳಗೆ ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ಫ್ಯಾನ್ ನಿಲ್ಲಿಸಿದರೆ ಕಾರ್ನಿಯಾ ಒಣಗದೆ ಉಳಿಯುತ್ತದೆ. ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದ್ದರೂ ಆ ಹೊತ್ತಿನಲ್ಲಿ ನೇತ್ರಬ್ಯಾಂಕಿಗೆ ಕರೆ ಮಾಡಬೇಕಾದವರು, ಒಪ್ಪಿಗೆ ಕೊಡಬೇಕಾದವರು ಮನೆಯವರೇ ಆದ್ದರಿಂದ, ಕಣ್ಣು ದಾನ ಮಾಡುವ ಇಚ್ಛೆಯುಳ್ಳವರು ಅದನ್ನು ಇಂದೇ ಮನೆಯವರಿಗೆ ತಿಳಿಸಿಡುವುದು ಒಳ್ಳೆಯದು.